ಮುಕ್ಕಾದ ಕೊಡ

...ಏ ಶ್ಯಾರನ್, ಅಜ್ಜನ ಚಿತ್ರ ತಿರುವಿ ತಿರುವಿ ಏನ ನೋಡಾಕತ್ತಿ? ಹಿಂದ ಬರೇ ರಟ್ಟ ಐತಿ! ಯಾಕ ನಗತಿ? ಒಡಹುಟ್ಟಿದ ಅಕ್ಕನ ಮ್ಯಾಲ ಸಂಶೇನ? ನಿನ್ನ ಗಂಡ ಕಾಲೆಬ ಕಿವಿ ಊದಿ ಕಳಿಸ್ಯಾನ, ಹೌದಿಲ್ಲೋ? "ದೀನಾಕ್ಕ ಏನ ಕೊಟ್ರೂ ನೋಡಿ ತಗೋ" ಅಂದಿರಬೇಕು!

ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡನಂತ... ನಾ ಏನ ಮುಟ್ಟಿಕೊಂಡೇನೇನು? ಹಾಂ?

ಅವ್ವ ಸಾಯೂ ಮುಂದ ಹೇಳ್ಯಾಳ, ಚಿತ್ರ ಶ್ಯಾರನ್‌ಗ ಅಂತ. ಆತು, ಕೊಟ್ಟೇನಿ. ಹಾಸಿಗಿ ಹಿಡಿದಾಕಿಯ ಹೇಲು-ಉಚ್ಚಿ ಬಳದಾಕಿ ನಾನು. "ನಮ್ಮಪ್ಪನ ಚಿತ್ರಾ ತಗಿಯೂ ಕೈ ದೀನಾಗ ಬಂದೈತಿ" ಅಂತ ಓಣಿಗೆಲ್ಲಾ ಹೇಳತಿದ್ದಾಕಿನೂ ಆಕಿನ. ಆದ್ರ ಚಿತ್ರ... ಇರಲಿ ಬಿಡು. ನಂಗೇನ ಹೊಟ್ಟಿಕಿಚ್ಚಿಲ್ಲ.

ಅಯ್ಯ, ಮೊಬೈಲ್ ಬ್ಯಾಟ್ರಿ ಬ್ಯಾರೆ ಹಚ್ಚಿದೇನ! ಹಚ್ಚು, ಛಲೋ ನೋಡು! ಕೆಳಗ ಅಜ್ಜನ ಸಹಿ, ಐವತ್ನಾಕನೇ ಇಸ್ವಿ. ನಮ್ಮವ್ವ ಆಗಿನ್ನ ಸಾಲಿ ಹುಡುಗಿ. ಇದ ತ್ವಾಟದಾಗ ಪೆನ್ಸಿಲ್ ಹಿಡಕೊಂಡು ಕುಂತು ತಗದಾನ. ಅಗಾ, ಅವಾ ನೋಡಿ ತಗದ ಕಲ್ಲಿನ ಮೂರ್ತಿ ಇನ್ನೂ ಅಲ್ಲೇ ಐತಿ, ಪೇರಲ ಗಿಡದ ಬುಡಕ್ಕ. ಹೋಲಿಸಿ ನೋಡಲಾ! ಕೊಡ ಹೊತ್ತ ಹುಡುಗಿ, ಅದ ಸೆರಗು, ಅದ ನಗಿ... ಕೊಡದ ಬಾಯಿ ನೋಡು, ಮುಕ್ಕು ಸೈತ ಬಿಟ್ಟಿಲ್ಲ! ಸಣ್ಣಾಕಿದ್ದಾಗ ನೀ ಪೇರಲ ಹರಿಯಾಕ ಅದರ ಮ್ಯಾಲ ಹತ್ತಿ, ಕೊಡಾ ಮುರದು, ಗದ್ದಾ ಒಡಕೊಂಡು ಲಬೋ ಲಬೋ ಅಂದಿದ್ದಿ, ನೆನಪೈತಿಲ್ಲೋ? ಅದ ಮುಕ್ಕು! ಹಿಂಗ ತಗಿಯವ್ರು ಅಜ್ಜನ್ನ ಬಿಟ್ಟು ಇನ್ಯಾರು...



ಗದ್ದ ಯಾಕ ಮುಟ್ಟಿಕೊಂಡಿ?

ಹಂಗ ನೋಡಬ್ಯಾಡ, ಶ್ಯಾರನ್. ಬೈಯಿ! ...ಹೌದು, ನೀ ಹುಟ್ಟೂದರಾಗ ಅಜ್ಜ ಮಣ್ಣಾಗಿದ್ದ. ಅಸಲಿ ಚಿತ್ರದಾಗ ಕೊಡದ ಕಡೆ ಪೆನ್ಸಿಲ್ ಮಾಸೇತಿ. ಅಷ್ಟ, ಅಷ್ಟ ಮಾತ್ರ ಮೂರ್ತಿ ನೋಡಿ ತಗದೆ, ಉಳಿದದ್ದೆಲ್ಲಾ ಅಜ್ಜಂದ ನೋಡಿ...

ಒಂದರೆ ನಂಗಂತ ಇಟ್ಟಿದ್ರ ಏನಾಕ್ಕಿತ್ತು ಅವ್ವಗ?

ಅಜ್ಜಂದು ನನ್ನ ಗಾದಿ ಕೆಳಗೈತಿ. ಹೋಗು, ನೀನ ತಗೋ. ನನ್ನ ಕೈಲೆ ಕೊಡಾಕ ಆಗೂದಿಲ್ಲ.