ಹೆಸರಿನ ಹಿಂದಿನ ಐದು ತೂತುಗಳು

ಅಧ್ಯಕ್ಷತೆ ವಹಿಸಿರುವ ಕಾರ್ಖಾನೆಯ ಮುಖ್ಯಸ್ಥೆ ಶ್ರೀಮತಿ ಫೆರಿಸ್ ಅವರೇ, ಕಾರ್ಮಿಕ ಸಂಘದ ಪದಾಧಿಕಾರಿಗಳೇ, ನಮ್ಮ ಹಾರ್ಲನ್ ಕ್ರೀಕ್ ಊರಿನ ಮೇಯರ್ ಅವರೇ, ಭಾಷಣ ಮುಗಿಯುವ ಮೊದಲೇ ಹಣ್ಣಿನ ಪೈ ತಟ್ಟೆ ಹಿಡಿದು ಕೂತಿರುವ ನನ್ನ ನಿವೃತ್ತ ಮಿತ್ರರೇ ಹಾಗೂ ಸಭಿಕರೇ,

ನಾನು ವರ್ನಾ ಸ್ಟಾಕ್. ಇಪ್ಪತ್ತೆರಡನೆಯ ವಯಸ್ಸಿನಿಂದ ಮೂವತ್ತು ವರ್ಷ ಇದೇ ಕಾರ್ಖಾನೆಯಲ್ಲಿ ದುಡಿದವಳು. ಮೂವತ್ತಾರು ವರ್ಷಗಳ ಹಿಂದೆ ನಿಂತುಹೋದ ‘ಕೆಸ್ಟ್ರೆಲ್’ ಎಂಬ ಹೆಸರು ಈ ಬೆಳಿಗ್ಗೆ ಒಂದು ಪುಟ್ಟ ಕಾರಿನ ಮೇಲೆ ಮತ್ತೆ ಕಾಣಿಸಿಕೊಂಡಿದೆ. ಹಳೆಯ ಕೆಸ್ಟ್ರೆಲ್ ನೋಡಿದವರಿಗೆ ಗೊತ್ತು, ಅದರ ಡಿಕ್ಕಿಯೊಳಗೆ ಈ ಹೊಸದನ್ನಿಟ್ಟು ಮುಚ್ಚಳ ಹಾಕಬಹುದಿತ್ತು. ನಗಬೇಡಿ ಮೇಯರ್ ಸಾಹೇಬರೇ, ನಿಮ್ಮ ತಂದೆಯವರು ಅದರಲ್ಲಿ ಎಂಟು ಜನರನ್ನು ತುಂಬಿಕೊಂಡು ಚರ್ಚಿಗೆ ಬರುತ್ತಿದ್ದರು.

ಹಳೆಯ ಸವಿನೆನಪುಗಳನ್ನು ಹಂಚಿಕೊಳ್ಳಿ ಎಂದು ಆಹ್ವಾನ ಪತ್ರದಲ್ಲಿ ಬರೆದಿದ್ದಾರೆ. ಹಂಚಿಕೊಳ್ಳುತ್ತೇನೆ. ಆದರೆ ಈ ಹೆಸರು ಬೇಡವೇ ಬೇಡ ಎಂದು ಕಂಪನಿಗೆ ಎರಡು ಸಲ ಕಾಗದ ಬರೆದವಳೂ ನಾನೇ. ಎರಡನೇ ಪಾಳಿ ನಿಂತು ನಾಲ್ಕು ವರ್ಷವಾಯಿತು. ಈ ಕಾರು ಜನರಿಗೆ ಹಿಡಿಸಿದರೆ ಆರುನೂರು ಮಂದಿ ಮರಳಿ ಕೆಲಸಕ್ಕೆ ಬರುತ್ತಾರೆ. ಅಂಥದ್ದಕ್ಕೆ ಈ ಮುದುಕಿ ಯಾಕೆ ಅಡ್ಡಗಾಲು ಹಾಕುತ್ತಾಳೆ ಎಂದು ಕಾಫಿ ಅಂಗಡಿಯಲ್ಲಿ ನೀವು ಮಾತಾಡಿಕೊಂಡಿದ್ದು ನನ್ನ ಕಿವಿಗೂ ಬಿದ್ದಿದೆ.

ಯಾಕೆ ಹಾಕಿದೆ? ಕೇಳಿ. ಆಗಿನ ಕಾಲದಲ್ಲಿ ಕಾರಿನ ಹೆಸರನ್ನು ಅಂಟಿಸುತ್ತಿರಲಿಲ್ಲ. ಬೆಳ್ಳಿಬಣ್ಣದ ಅಕ್ಷರಗಳ ಬೆನ್ನಿಗೆ ಐದು ಮೊಳೆ ಇರುತ್ತಿದ್ದವು. ಡಿಕ್ಕಿಯ ಮುಚ್ಚಳಕ್ಕೆ ಐದು ತೂತು ಕೊರೆದು, ಮೊಳೆ ತೂರಿಸಿ ಒತ್ತಬೇಕು. ಅದೇ ನನ್ನ ಕೆಲಸ. ಬಣ್ಣ ಬಳಿದ ತಗಡಿಗೆ ತೂತು ಬಿದ್ದ ಮೇಲೆ ನೀರು ಇಳಿಯದೆ ಇರುತ್ತದೆಯೇ? ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಇಳಿಯದೆ ಇರುತ್ತದೆಯೇ? ಅದಕ್ಕೇ ಪ್ರತಿ ತೂತಿಗೂ ನೀರು ತಡೆಯುವ ಪುಟ್ಟಿಯನ್ನು ಚಿಟಿಕೆಯಷ್ಟು ಮೆತ್ತುತ್ತಿದ್ದೆ. ಯಾರೂ ಹೇಳಿಕೊಟ್ಟಿದ್ದಲ್ಲ. ನಾಲ್ಕು ಸೆಕೆಂಡು ಹೆಚ್ಚು ಹಿಡಿಯುತ್ತಿತ್ತು, ಅಷ್ಟೇ.

ಆ ನಾಲ್ಕು ಸೆಕೆಂಡು ನಮ್ಮ ಫೋರ್‌ಮನ್ ಹ್ಯಾಸ್ಕೆಲ್ ಕಣ್ಣಿಗೆ ಬಿತ್ತು. ಒಂದು ಮಂಗಳವಾರ ಗಡಿಯಾರ ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತ. “ಏನಮ್ಮಾ, ಮದುವೆ ಕೇಕಿಗೆ ಕೆನೆ ಮೆತ್ತುತಾ ಇದೀಯಾ? ತೂತು ಹೊಡಿ, ಒತ್ತು, ಮುಂದಕ್ಕೆ ಕಳಿಸು” ಎಂದ. ಕಾರು ಜೋಡಿಸುವ ಇಡೀ ಲೈನಿನಲ್ಲಿ ಹೆಂಗಸರು ಇದ್ದದ್ದೇ ಮೂವರು, ಅದರಲ್ಲಿ ನಾನು ಹೊಸಬಳು. ಪುಟ್ಟಿ ಡಬ್ಬಿ ಕೆಳಗಿಟ್ಟೆ.

ಅವತ್ತು ಊಟದ ಗಂಟೆಗೆ ಸ್ವಲ್ಪ ಮುಂಚೆ ಒಂದು ಕಡುಹಸಿರು ಕೆಸ್ಟ್ರೆಲ್ ಬಂತು. ಅದು ಯಾರದೆಂದು ಲೈನಿಗೆಲ್ಲ ಗೊತ್ತಿತ್ತು. ನನ್ನ ಗಂಡ ಎಲ್ರಾಯ್ ಬಣ್ಣದ ವಿಭಾಗದಲ್ಲಿದ್ದ. ನಾವು ನಮಗೆಂದು ಬುಕ್ ಮಾಡಿಸಿದ್ದ ಕಾರಿಗೆ ತಾನೇ ಬಣ್ಣ ಹೊಡೆದು, ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ‘ಇದು ನಮ್ಮನೇದು’ ಎಂದು ಬರೆದು ಕಳಿಸಿದ್ದ. ಅದಕ್ಕೂ ಐದು ತೂತು ಕೊರೆದೆ. ಪುಟ್ಟಿ ಹಾಕಲಿಲ್ಲ.

ಎಲ್ರಾಯ್ ಪ್ರತಿ ಶನಿವಾರ ಆ ಕಾರನ್ನು ತೊಳೆದು ಮೇಣ ತಿಕ್ಕುತ್ತಿದ್ದ. ಮೂರನೆಯ ಚಳಿಗಾಲಕ್ಕೆ ಹೆಸರಿನ ಸುತ್ತ ಬಣ್ಣ ಉಬ್ಬಿತು. ಐದನೆಯದಕ್ಕೆ ತುಕ್ಕು ತಿಂದು ಬೆರಳು ತೂರುವಷ್ಟಾಯಿತು. ನಾನು ರಸ್ತೆಯ ಉಪ್ಪನ್ನು ಬೈದೆ. ಅವನು ತನ್ನ ಬಣ್ಣವೇ ಸರಿಯಿರಲಿಲ್ಲ ಎಂದು ಕೊರಗಿದ. ಆಗಲೂ ನಾನು ಬಾಯಿ ಬಿಡಲಿಲ್ಲ. ಗುಜರಿಗೆ ಕೊಡುವ ದಿನ ನೆನಪಿಗಿರಲಿ ಎಂದು ಹೆಸರನ್ನು ಕಿತ್ತು, ತಿರುಗಿಸಿ ನೋಡಿದ. ಮೊಳೆಗಳಲ್ಲಿ ಪುಟ್ಟಿಯ ಗುರುತೇ ಇಲ್ಲ. ನಾನಾಗಿಯೇ ಪುಟ್ಟಿ ಬಿಡುವವಳಲ್ಲ ಎಂದು ಅವನಿಗೆ ಗೊತ್ತಿತ್ತು.

“ವರ್ನಾ, ಅವತ್ತು ನಿನ್ನ ಹಿಂದೆ ಯಾರು ನಿಂತಿದ್ರು?”

ಕೇಳಿದ್ದು ಅಷ್ಟೇ. ಆಮೇಲೆ ಬದುಕಿದ್ದ ಮೂವತ್ತು ವರ್ಷ ಒಂದು ದಿನವೂ ಆ ಮಾತೆತ್ತಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕ್ಷಮಿಸಿ, ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಚೀಟಿಯಲ್ಲಿ ಬೇರೇನೋ ಬರೆದುಕೊಂಡಿದ್ದೆ. ಹೋಗಲಿ.

ಶ್ರೀಮತಿ ಫೆರಿಸ್ ನನ್ನ ಎರಡನೆಯ ಕಾಗದ ಹಿಡಿದುಕೊಂಡು ನಮ್ಮ ಅಡುಗೆಮನೆಗೇ ಬಂದರು. ಎರಡು ತುಂಡು ಪೈ ತಿಂದರು, ವಾದ ಮಾಡಲಿಲ್ಲ, ಒಮ್ಮೆ ಬಂದು ನೋಡಿ ಎಂದರು. ಹೋದೆ. ನನ್ನ ಜಾಗದಲ್ಲಿ ಈಗ ಮಾರಿಸೋಲ್ ಎಂಬ ಹುಡುಗಿ ಇದ್ದಾಳೆ. ಯಾವ ಕಾರಿನ ಹೆಸರಿಗೂ ಈಗ ತೂತೇ ಬೇಕಿಲ್ಲ, ಅಂಟು ಸಾಕು. ಆದರೆ ನಾನು ಸೋತದ್ದು ಅಂಟಿಗಲ್ಲ. ಅವಳ ತಲೆಯ ಮೇಲೊಂದು ಹಳದಿ ಹಗ್ಗ ತೂಗುತ್ತಿತ್ತು. ಎಳೆದರೆ ಇಡೀ ಲೈನು ನಿಲ್ಲುತ್ತದಂತೆ. ನಿಜಕ್ಕೂ ಎಳೆದಿದ್ದೀಯಾ ಎಂದು ಕೇಳಿದೆ.

“ನಿನ್ನೆ ಎರಡು ಸಲ ಎಳ್ದೆ ಅಜ್ಜಿ. ಅಕ್ಷರ ಸೊಟ್ಟಗೆ ಕೂತಿತ್ತು.”

ಫೋರ್‌ಮನ್ ಏನೆಂದ ಎಂದು ಕೇಳಿದೆ. ಓಡಿ ಬಂದು ತಾನೂ ಕೈಹಾಕಿ ಸರಿಮಾಡಿಸಿದನಂತೆ. ನಾನು ಅಲ್ಲೇ ಒಂದು ಡಬ್ಬದ ಮೇಲೆ ಕೂತು ಅತ್ತೆ. ಸಂಜೆ ಫೆರಿಸ್ ಅವರಿಗೆ ಫೋನ್ ಮಾಡಿ, ಅದೇ ಹೆಸರಿಡಿ ಎಂದೆ.

ಕಡೆಯ ಮಾತು. ನಾನೂ ಒಂದು ಹೊಸ ಕೆಸ್ಟ್ರೆಲ್ ಬುಕ್ ಮಾಡಿಸಿದ್ದೇನೆ. ಯಾವ ದಿನ ಲೈನಿಗೆ ಬರುತ್ತದೆ, ಯಾವ ಬಣ್ಣ, ಹೇಳಿದರೆ ಹುಷಾರಾಗಿ ಮಾಡುತ್ತೇವೆ ಎಂದು ಮಾರಿಸೋಲ್ ಮೊನ್ನೆಯಿಂದ ಪೀಡಿಸುತ್ತಿದ್ದಾಳೆ. ಹೇಳುವುದಿಲ್ಲ ಕಣಮ್ಮಾ. ಈ ಸಲ ಗಾಜಿನ ಮೇಲೆ ಸೀಮೆಸುಣ್ಣದ ಬರಹವೂ ಇರುವುದಿಲ್ಲ. ನಿಮ್ಮ ಮುಂದೆ ಬರುವ ಪ್ರತಿಯೊಂದು ಕಾರೂ ವರ್ನಾ ಅಜ್ಜಿಯದೇ ಇರಬಹುದು. ಅನುಮಾನ ಬಂತೋ, ಹಗ್ಗ ಎಳೆಯಿರಿ.

ನನ್ನನ್ನು ಇಲ್ಲಿಗೆ ಕರೆದವರಿಗೆ, ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆ, ಮೂವತ್ತು ವರ್ಷ ಬೈಯದೆ ಇದ್ದವನಿಗೂ ವಂದನೆಗಳು. ನಮಸ್ಕಾರ.