ಹಗೇವಿನ ಉಸಿರು

ಹೂಂ ಅನ್ನೋರು ಹೂಂ ಅನ್ರಿ, ಇಲ್ಲಾಂದ್ರ ಕಥಿ ಮುಂದ ಹೋಗಂಗಿಲ್ಲ. ಹೆಸರು ಮರೆತ ನಾಡು, ಎರಿಮಣ್ಣಿನ ಊರು. ಆ ಊರಾಗ ನೀಲವ್ವ, ಆಕಿ ಗಂಡ ಬಾಳಪ್ಪ. ಮದುವಿಯಾಗಿ ಒಂದು ಸುಗ್ಗಿ ಕಳೆದಿತ್ತು, ಅಷ್ಟ.

ಬಾಳಪ್ಪ ಎತ್ತು ಹೊಡಕೊಂಡು ಸಮುದ್ರದ ಕಡೆ ಉಪ್ಪು ತರಾಕ ಹೊಂಟ. ಹೋಗೂಮುಂದ ಹಗೇವು ತುಂಬಿದ. ಹಗೇವು ಗೊತ್ತಲ್ಲ? ನೆಲದಾಗ ಆಳಾಗಿ ತೋಡಿ ಜೋಳ ತುಂಬೋ ಕುಣಿ. ಎಲ್ಲಾರೂ ಬಾಯಿಗೆ ಕಲ್ಲಿಟ್ಟು ಮ್ಯಾಲೆ ಉದುರು ಮಣ್ಣು ಹಾಕತಾರ, ಕಾಳು ಉಸಿರಾಡಲಿ ಅಂತ. ಇವ ಏನ ಮಾಡಿದ? ಜರಡಿ ಹಿಡಿದ ನುಣ್ಣನ್ನ ಮಣ್ಣು ಕಲಸಿ ಒಂದು ಸಲ ಮೆತ್ತಿದ, ಎರಡು ಸಲ ಮೆತ್ತಿದ, ಮೂರನೇ ಸಲಾನೂ ಮೆತ್ತಿದ.

"ನಾ ಬರೂತನಕ ಜೋಳದ ವಾಸನಿ ಸೈತ ಹೊರಗ ಹೋಗಬಾರದು, ನೀಲಾ. ಮೊದಲನೇ ರೊಟ್ಟಿ ಇಬ್ಬರೂ ಕೂಡಿ ತಿನ್ನೋಣು" ಅಂದ. ಹೋದ.

ಪ್ರೀತಿಗೇನು ಕಮ್ಮಿ ಇರಲಿಲ್ಲ ಅವಗ. ಬುದ್ಧಿ ಒಂದೀಟು ಕಮ್ಮಿ.

ನೀಲವ್ವಗ ಹೊತ್ತು ಹೋಗಲೊಲ್ಲದು. ದಿನಾ ಸಂಜಿಗೆ ಹಗೇವಿನ ಮ್ಯಾಲೆ ಬೋರಲು ಮಲಗಿ ಮಣ್ಣಿಗೆ ಮೂಗು ಹಚ್ಚತಿದ್ಲು. ಹೋದ ವರ್ಷ ಮಣ್ಣಿನ ಸಂದಿಯಿಂದ ಜೋಳದ ವಾಸನಿ ಬರತಿತ್ತು. ಈ ವರ್ಷ? ಮಳಿ ಬಿತ್ತು, ಇಲ್ಲ. ಚಳಿ ಬಂತು, ಇಲ್ಲ. ಬಿಸಿಲು ಏರಿತು, ಇಲ್ಲ.

"ಮಣ್ಣವ್ವಾ, ಅವರ ಸುದ್ದಿ ಕೊಡದಿದ್ರ ಬ್ಯಾಡ, ವಾಸನಿನರ ಕೊಡ" ಅಂತ ಅಳತಿದ್ಲು.

ಒಂದಿನ ಎತ್ತಿನ ಗಂಟಿ ಕೇಳಿಸ್ತು. ಬಾಳಪ್ಪ ಬಂದ! ಕಾಲು ಸೈತ ತೊಳೀಲಿಲ್ಲ. ಮೆತ್ತಿದ್ದನ್ನ ಒಡೆದು, ಕಲ್ಲು ಸರಿಸಿ, ಇಳ್ಯಾಕ ಹಗ್ಗ ಹಿಡಿದ. ನೀಲವ್ವ ಓಡಿ ಬಂದು ಸೊಂಟ ಹಿಡಕೊಂಡ್ಲು.

"ಇಳೀಬ್ಯಾಡ್ರಿ!"

"ಬಿಡ ನೀಲಾ, ವರ್ಷಪೂರ್ತಿ ಈ ರೊಟ್ಟಿ ನೆನಸಿಕೊಂಡ ನಡದೀನಿ."

"ಈ ಸಲ ಮಣ್ಣು ಉಸಿರ ಬಿಟ್ಟಿಲ್ರಿ. ದಿನಾ ಮೂಸಿ ನೋಡೀನಿ. ಕೆಟ್ಟ ಗಾಳಿಯೆಲ್ಲಾ ಒಳಗ ಉಳದೈತಿ. ಹಂಗ ಇಳದಾವ್ರು ಯಾರರ ಮ್ಯಾಲೆ ಬಂದಾರ?"

ದೀಪ ಹಚ್ಚಿ ಹಗ್ಗಕ್ಕ ಕಟ್ಟಿ ಇಳಿಬಿಟ್ಲು. ಆರಿತು. ಒಂದೀಟು ತಡೆದು ಮತ್ತ ಇಳಿಬಿಟ್ಲು. ಆರಿತು. ಬಾಳಪ್ಪ ತಾನು ಒಡೆದ ಮಣ್ಣಿನ ತುಂಡು ಕೈಯಾಗ ಎತ್ತಿ ನೋಡಿದ.

"ನಾನ ಮೆತ್ತಿದ್ನಲ್ಲ, ನೀಲಾ" ಅಂದ.

ಇಬ್ಬರೂ ಹಗೇವಿನ ಬಾಯಿ ತೆರೆದಿಟ್ಟು ದಂಡಿಗೆ ಕುಂತ್ರು. ಅವ ಸಮುದ್ರದ ಮಾತು ಹೇಳಿದ, ಆಕಿ ಮಣ್ಣಿನ ಮಾತು ಹೇಳಿದ್ಲು. ಮರುದಿನ ಮೂರನೇ ದೀಪ ಒಳಗ ಆರದ ಉರೀತು. ರೊಟ್ಟಿ ಬಡಿಯೋ ಸಪ್ಪಳ ಓಣಿಗೆಲ್ಲಾ ಕೇಳಿಸ್ತು.

ಮತ್ತ ಸುಗ್ಗಿ ಬಂತು, ಮತ್ತ ಅವ ಉಪ್ಪಿಗೆ ಹೊಂಟ. ಈ ಸಲ ಹಗೇವಿನ ಮ್ಯಾಲೆ ತನ್ನ ಕೈಯಾರೆ ಉದುರು ಮಣ್ಣು ಹರವಿದ. ಅವ ದಾರಿ ಹಿಡಿದ ಮ್ಯಾಲೆ ನೀಲವ್ವ ಮಣ್ಣಿಗೆ ಮೂಗು ಹಚ್ಚಿದ್ಲು. ಬಂತ ನೋಡ್ರಿ ವಾಸನಿ! ಆಕಿ ಅತ್ತಬಿಟ್ಲು.

ಅವ ಇನ್ನೂ ದಾರಿ ಮ್ಯಾಲೆ ಅದಾನ, ಆಕಿ ಇನ್ನೂ ಹಗೇವಿನ ಮ್ಯಾಲೆ ವಾಸನಿ ಮೂಸಕೋತ ಮಲಗ್ಯಾಳ. ನಾ ಬಾಯಿ ಮುಚ್ಚಿದೆ, ನೀವು ಉಸಿರ ಬಿಡ್ರಿ.