ಶವಾಸನದಲ್ಲಿದ್ದ ಅಕ್ಕಯಮ್ಮನನ್ನು ಎಬ್ಬಿಸದಿದ್ದ ಬಗ್ಗೆ

ಹೆಸರು ಗಂಗಾಧರಯ್ಯ ಬಿನ್ ಲೇಟ್ ಗಂಗಯ್ಯ, ವಯಸ್ಸು ೫೮, ಓದು ಏಳನೇ ತರಗತಿ, ಕಸುಬು ಹಿಟ್ಟಿನ ಗಿರಣಿ, ವಾಸ ಮಡಿವಾಳ ಕೆರೆ ಹಿಂಭಾಗ, ಬಿಟಿಎಂ ಲೇಔಟ್ ಎರಡನೇ ಹಂತ, ಬೆಂಗಳೂರು. ನನ್ನ ಹೆಂಡತಿ ಅಕ್ಕಯಮ್ಮನ ಸಾವಿನ ವಿಚಾರವಾಗಿ ಇಂದು ಠಾಣೆಗೆ ಬಂದು, ನನಗೆ ತಿಳಿದಷ್ಟನ್ನು ಬರೆಸುತ್ತಿದ್ದೇನೆ.

ಮೇಲ್ಕಂಡ ವಿಳಾಸದ ಮನೆ ನನ್ನ ಸ್ವಂತದ್ದು. ಕೆಳಗೆ ನಾವಿದ್ದೇವೆ. ಮೇಲಿನ ಮನೆಯಲ್ಲಿ ಬಾಗಲಕೋಟೆ ಕಡೆಯ ರಾಜಶ್ರೀ ಎಂಬುವರು ಎರಡು ವರ್ಷದಿಂದ ಬಾಡಿಗೆಗಿದ್ದಾರೆ. ಅವರು ಯೋಗ ಚಿಕಿತ್ಸೆ ಕಲಿತವರು. ಮಂಡಿನೋವು, ಬಿಪಿ, ನಿದ್ದೆ ಬಾರದಿರುವುದು, ಇಂಥ ತೊಂದರೆ ಇರುವ ಏಳೆಂಟು ಜನರಿಗೆ ಬೆಳಿಗ್ಗೆ ಆರರಿಂದ ಏಳರವರೆಗೆ ತಮ್ಮ ಮುಂದಿನ ಕೋಣೆಯಲ್ಲಿ ಹೇಳಿಕೊಡುತ್ತಾರೆ.

ಕಳೆದ ವರ್ಷ ಯುಗಾದಿಗೆ ಮೊದಲು ನಮ್ಮ ಒಬ್ಬಳೇ ಮಗಳು ರಮ್ಯ ಕೆಲಸದಿಂದ ಬರುವಾಗ ಸಿಲ್ಕ್ ಬೋರ್ಡ್ ಹತ್ತಿರ ಸ್ಕೂಟಿಯಿಂದ ಬಿದ್ದು ತೀರಿಕೊಂಡಳು. ಅಂದಿನಿಂದ ನನ್ನ ಹೆಂಡತಿ ಸರಿಯಾಗಿ ಮಲಗಿದ್ದನ್ನು ನಾನು ಕಂಡಿಲ್ಲ. ಮುಂಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದಳು. ಒಳಗೆ ಬಾ ಎಂದರೆ, "ನಾನೂ ಮಲಗಿಬಿಟ್ರೆ ಬಾಗಿಲು ತೆಗೆಯೋರು ಯಾರ್ರೀ?" ಅನ್ನುತ್ತಿದ್ದಳು.

ಡಾಕ್ಟರು ಬಿಪಿಗೂ ನಿದ್ದೆಗೂ ಮಾತ್ರೆ ಕೊಟ್ಟಿದ್ದರು. ದೀಪಾವಳಿ ಕಳೆದ ಮೇಲೆ ರಾಜಶ್ರೀಯವರೇ ಕೆಳಗೆ ಬಂದು, ನಿದ್ದೆ ಬರುವಂತೆ ಹೇಳಿಕೊಡುತ್ತೇನೆ ಬನ್ನಿ ಎಂದು ಅವಳನ್ನು ಕರೆದರು. "ಮಲಗೋದಕ್ಕೂ ಟ್ಯೂಷನ್ನಾ? ನಮ್ಮತ್ತೆ ಕೇಳಿದ್ರೆ ಸಮಾಧಿಯಿಂದ ಎದ್ದು ಬಂದು ನಗ್ತಾರೆ" ಎಂದು ನನ್ನ ಹೆಂಡತಿ ಹೇಳಿದಳು. ಬಹಳ ತಿಂಗಳ ಮೇಲೆ ಅವಳು ಮಾಡಿದ ತಮಾಷೆ ಅದು. ಮಾರನೆಯ ದಿನದಿಂದ ಹೋಗತೊಡಗಿದಳು. ಮಂಡಿ ಕೆಳಗೆ ದಿಂಬು ಕೊಟ್ಟು, ಹೊಟ್ಟೆಯ ಮೇಲೆ ಕೈ ಇಡಿಸಿ, ಉಸಿರನ್ನು ನಿಧಾನವಾಗಿ ಬಿಡಿಸುತ್ತಿದ್ದರು. ಮಾತ್ರೆ ಬಿಡಿ ಎಂದು ರಾಜಶ್ರೀಯವರು ಯಾವತ್ತೂ ಹೇಳಿಲ್ಲ. ಮೆಟ್ಟಿಲು ಹತ್ತುವಾಗಲೇ "ಗುಳಿಗಿ ತಗೊಂಡೀರೇನ್ರಿ ಅವ್ವಾರ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಕೆಳಗೆ ವಾಪಸ್ ಕಳಿಸುತ್ತಿದ್ದರು. ಸಂಕ್ರಾಂತಿ ಹೊತ್ತಿಗೆ ಅವಳು ಕಂಬಿ ಹಿಡಿಯದೆ ಮೆಟ್ಟಿಲು ಇಳಿಯುತ್ತಿದ್ದಳು. ನಿದ್ದೆ ಮಾತ್ರ ಬಂದಿರಲಿಲ್ಲ.

ಕೊನೆಯಲ್ಲಿ ಎಲ್ಲರೂ ಶವಾಸನದಲ್ಲಿ, ಅಂದರೆ ಕೈಕಾಲು ಸಡಿಲ ಬಿಟ್ಟು ಅಂಗಾತ ಮಲಗುತ್ತಾರೆ. ಯಾರಾದರೂ ನಿದ್ದೆ ಹೋದರೆ ರಾಜಶ್ರೀಯವರು ಕಾಲಿನ ಹೆಬ್ಬೆರಳು ಮುಟ್ಟಿ ಎಬ್ಬಿಸುತ್ತಾರೆ. ಎಬ್ಬಿಸದೆ ಯಾರನ್ನೂ ಬಿಡುವುದಿಲ್ಲ.

ನಿನ್ನೆ, ದಿನಾಂಕ ೧೮-೩-೨೦೦೪ರಂದು, ಬೆಳಿಗ್ಗೆ ಏಳು ಗಂಟೆಗೆ ಅವಳನ್ನು ಕಾಫಿಗೆ ಕರೆಯಲು ನಾನು ಮೇಲೆ ಹೋದೆ. ಉಳಿದವರು ಚಾಪೆ ಸುತ್ತುತ್ತಿದ್ದರು. ನನ್ನ ಹೆಂಡತಿ ಕಿಟಕಿ ಪಕ್ಕ ತೆಳು ಶಾಲು ಹೊದ್ದು ಮಲಗಿದ್ದಳು. ಗೊರಕೆ ಕೇಳುತ್ತಿತ್ತು. ಅಲ್ಲಿಗೆ ಬರುವ ಭಾಗ್ಯಜ್ಯೋತಿ ಎಂಬುವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಅಂಕಲ್, ಆಂಟಿ ಲಾರಿ ಸ್ಟಾರ್ಟ್ ಮಾಡಿದಾರೆ ನೋಡಿ" ಎಂದು ನಕ್ಕರು. ನಾನೂ ನಕ್ಕೆ. ರಾಜಶ್ರೀಯವರು ಎಬ್ಬಿಸಲು ಬಗ್ಗಿದರು. ಅವರ ಕೈ ಇನ್ನೂ ಅವಳ ಕಾಲಿಗೆ ತಾಗಿರಲಿಲ್ಲ. ಬೇಡ, ಎಬ್ಬಿಸಬೇಡಿ, ಅದು ಒಂದು ವರ್ಷದ ನಿದ್ದೆ ಎಂದು ನಾನು ಹೇಳಿದೆ. "ಹಂಗ ಬಿಡಬಾರದ್ರಿ ಕಾಕಾರ, ಎಬ್ಬಿಸಬೇಕು" ಎಂದು ಅವರು ಮೆಲ್ಲಗೆ ಹೇಳಿದರು. ನಾನು ಕೈ ಮುಗಿದೆ. ಅವರು ಹಿಂದೆ ಸರಿದರು.

ಎಲ್ಲರೂ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸದ್ದಾಗದಂತೆ ಇಳಿದು ಹೋದರು. ರಾಜಶ್ರೀಯವರು ಒಳಗೆ ಹೋಗಿ, ಒಲೆ ಮೇಲಿದ್ದ ಕುಕ್ಕರನ್ನು ಕೂಗುವ ಮೊದಲೇ ಇಳಿಸಿದರು. ನಾನು ಗೋಡೆಗೆ ಒರಗಿ ಕೂತೆ. ಸ್ವಲ್ಪ ಹೊತ್ತಿಗೆ ಗೊರಕೆ ನಿಂತಿತು. ನಿದ್ದೆ ಗಾಢವಾಯಿತು ಎಂದುಕೊಂಡೆ. ಎದೆಯ ಮೇಲೆ ಶಾಲು ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ಅದನ್ನೇ ನೋಡುತ್ತಾ ನನ್ನ ಉಸಿರೂ ಅದರ ಜೊತೆಗೇ ಹೋಗತೊಡಗಿತು. ಮಗಳು ಹೋದಮೇಲೆ ನಾನು ಅಷ್ಟು ನೆಮ್ಮದಿಯಾಗಿ ಕೂತಿರಲಿಲ್ಲ.

ಎಂಟು ಗಂಟೆಗೆ ಕರೆಂಟ್ ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಶಾಲೂ ನಿಂತಿತು.

ಕಾಲು ಮುಟ್ಟಿದೆ. ತಣ್ಣಗಿತ್ತು. ರಾಜಶ್ರೀಯವರು ಓಡಿಬಂದು ಎದೆ ಒತ್ತಿದರು, ಹೆಸರು ಹಿಡಿದು ಕೂಗಿದರು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಪ್ರಾಣ ಹೋಗಿದೆ ಎಂದು ಹೇಳಿದರು. ಆ ಗೊರಕೆ ಹೇಗೆ ಕೇಳುತ್ತಿತ್ತು ಎಂದು ಡಾಕ್ಟರು ಎರಡು ಸಲ ಕೇಳಿದರು. ಯಾಕೆ ಕೇಳುತ್ತೀರಿ ಎಂದು ನಾನು ಕೇಳಲಿಲ್ಲ. ಶಾಲು ಎಷ್ಟು ಹೊತ್ತು ಉಸಿರಿಗೆ ಆಡಿತು, ಎಷ್ಟು ಹೊತ್ತು ಗಾಳಿಗೆ ಆಡಿತು ಎಂದು ಇಲ್ಲಿ ಸಾಹೇಬರು ಕೇಳಿದರು. ನನಗೆ ಗೊತ್ತಿಲ್ಲ.

ನನ್ನ ಬಾಮೈದ ಸಂಜೀವಯ್ಯ, ರಾಜಶ್ರೀಯವರು ಮಾತ್ರೆ ಬಿಡಿಸಿದ್ದರಿಂದಲೇ ಸಾವಾಯಿತೆಂದು ದೂರು ಕೊಟ್ಟಿದ್ದಾರೆ. ಈಗ ಒಳಗೆ ಬರುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, "ಭಾವ, ಎಬ್ಬಿಸಬೇಡಿ ಅಂದಿದ್ದು ನೀವು ಅಂತ ಮಾತ್ರ ಬಾಯಿ ಬಿಡಬೇಡಿ. ಅವಳು ಬಾಡಿಗೆಗೆ ಬಂದೋಳು, ನಾಳೆ ಊರು ಸೇರ್ಕೋತಾಳೆ. ನೀವು ಇಲ್ಲೇ ಬಾಳ್ಬೇಕು" ಎಂದರು. ಅವರು ಅಕ್ಕನನ್ನು ಕಳೆದುಕೊಂಡಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ರಾಜಶ್ರೀಯವರ ಮೇಲೆ ನನಗೆ ಯಾವ ಅನುಮಾನವೂ ಇಲ್ಲ. ಬೆಳಿಗ್ಗೆಯಿಂದ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಏನೂ ತಿಂದಿಲ್ಲ. ಅವರನ್ನು ಮನೆಗೆ ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಬರೆದಿದ್ದನ್ನು ರೈಟರ್ ನನಗೆ ಓದಿ ಹೇಳಿದರು. ಎಬ್ಬಿಸಬೇಡಿ ಎಂದ ಸಾಲಿಗೆ ಬಂದಾಗ ನಿಲ್ಲಿಸಿ, "ಯಜಮಾನ್ರೇ, ಇದು ಇರ್ಲಾ?" ಎಂದು ಕೇಳಿದರು. ಇರಲಿ ಎಂದೆ. ಎಲ್ಲವೂ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಬೆಂಗಳೂರು
ದಿನಾಂಕ: ೧೯-೩-೨೦೦೪
ಸಹಿ: ಗಂಗಾಧರಯ್ಯ